ಪದಚರ್ಚೆ: ‘ಪ್ರೊಬೇಟ್’, ‘ಇನ್‌ಹೆರಿಟೆನ್ಸ್ ಟ್ಯಾಕ್ಸ್’ – ಕನ್ನಡದಲ್ಲಿ ಏನನ್ನೋಣ?

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಾಗಿವೆ, ಸ್ವಲ್ಪ ಅರ್ಜೆಂಟ್. ನಮ್ಮ ಸೋದರಮಾವ ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದರು. ಮದುವೆ ಆಗಿರಲಿಲ್ಲ. ಮೂರು ತಿಂಗಳ ಹಿಂದೆ ತೀರಿಕೊಂಡರು. ಅಲ್ಲಿನ ಮನೆ, ಬ್ಯಾಂಕಿನ ದುಡ್ಡು ಎಲ್ಲ ಅಮ್ಮನಿಗೆ ಬರೆದಿಟ್ಟಿದ್ದಾರೆ. ಅಲ್ಲಿಯ ವಕೀಲರಿಂದ ಆರು ಪುಟದ ಪತ್ರ ಬಂದಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅರ್ಥ ಆಗದ ಕಾಗದಕ್ಕೆ ಸಹಿ ಹಾಕಲ್ಲ ಅಂತಾರೆ, ಅದು ಸರಿಯೇ. ಹಾಗಾಗಿ ಕನ್ನಡಕ್ಕೆ ಇಳಿಸುತ್ತಾ ಕೂತಿದ್ದೇನೆ. ‘ಪ್ರೊಬೇಟ್’ ಹತ್ತಿರ ಪೆನ್ನು ನಿಂತುಬಿಟ್ಟಿದೆ. ಇನ್ನೊಂದಕ್ಕೆ ಪತ್ರಿಕೆಗಳಲ್ಲಿ ಬರುವ ‘ಪಿತ್ರಾರ್ಜಿತ ತೆರಿಗೆ’ಯನ್ನೇ ಹಾಕಿ ಓದಿದೆ. “ಇದು ಅಪ್ಪನ ಆಸ್ತಿ ಎಲ್ಲಿಯದು? ತಮ್ಮ ತಾನೇ ದುಡಿದಿದ್ದು” ಅಂದರು. ಗುರುವಾರ ಕೊರಿಯರ್ ಹೋಗಬೇಕು.

ಕೊಪ್ಪಳದಿಂದ:

ಪ್ರೊಬೇಟ್‌ಗೆ ‘ಒರೆಯೋಲೆ’ ಅನ್ನಿ. ಚಿನ್ನವನ್ನು ಒರೆಗೆ ಹಚ್ಚುವ ಹಾಗೆ ಉಯಿಲನ್ನು ಒರೆಗೆ ಹಚ್ಚಿ ಕೊಡುವ ಓಲೆ. ಟ್ಯಾಕ್ಸಿಗೆ ‘ಸಾವುತೆರಿಗೆ’. ವಾರಸಾ, ಪೌತಿ ಇವೆಲ್ಲ ಕಚೇರಿಯ ಪಾರಸಿ, ದಯವಿಟ್ಟು ತರಬೇಡಿ. ಉಯಿಲು ಮಾತ್ರ ನಮ್ಮದೇ. ‘ಹುಯಿಲು’ ಅಂದರೆ ಕೂಗು. ಸಾಯುವವರು ಕೂಗಿ ಹೇಳಿದ ಮಾತೇ ಉಯಿಲು.

ರಾಯಚೂರಿನಿಂದ:

ಅಲ್ಲವೇ ಅಲ್ಲ. ಉಯಿಲು ಇಂಗ್ಲಿಷಿನ ‘ವಿಲ್’. ತಮಿಳಿನಲ್ಲೂ ‘ಉಯಿಲ್’. ತೆಲುಗರು ಅದಕ್ಕೆ ಪಾರಸಿಯ ‘ನಾಮಾ’ ಸೇರಿಸಿ ‘ವೀಲುನಾಮಾ’ ಮಾಡಿಕೊಂಡರು. ಹುಯಿಲು ಅಂದರೆ ಬೊಬ್ಬೆ, ಅಷ್ಟೇ.

ನಾನು ಇಪ್ಪತ್ತು ವರ್ಷದಿಂದ ದಸ್ತಾವೇಜು ಬರೆಯುವವನು. ನನ್ನ ಟೇಬಲ್ ಮುಂದೆ ಕೂತ ರೈತ “ಅಪ್ಪ ತೀರಿಕೊಂಡಾನ್ರೀ, ಪೌತಿ ಮಾಡಿಸಬೇಕು” ಅನ್ನುತ್ತಾನೆ. ‘ಫೌತ್’ ಅರಬ್ಬಿ, ಸಾವು ಅಂತ ಅರ್ಥ. ಅವನಿಗೆ ಮಾತ್ರ ಅದು ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ತನ್ನ ಹೆಸರು ಕೂರುವ ಕೆಲಸ. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ನಿಜಾಮರ ಕಾಲದ ಕಚೇರಿ ಉರ್ದುವಿನಲ್ಲಿ ನಡೆಯುತ್ತಿತ್ತು. ಕೆಲಸ ಉಳಿಯಿತು, ಪದವೂ ಉಳಿಯಿತು.

ಆದರೆ ಪ್ರೊಬೇಟ್‌ಗೆ ಪೌತಿ ಅಂತ ಹಾಕಬೇಡಿ. ಪೌತಿ ಖಾತೆ ಕಂದಾಯ ಇಲಾಖೆಯದು. ಪ್ರೊಬೇಟ್ ಅಂದರೆ ಉಯಿಲು ಸಾಚಾ ಅಂತ ಕೋರ್ಟಿನ ಮುದ್ರೆ ಬಿದ್ದು ಬರುವ ಪತ್ರ. ನಮ್ಮ ಕಡೆ ಜನರ ಬಾಯಲ್ಲಿ ಇದಕ್ಕೆ ಪದ ಹುಟ್ಟಲಿಲ್ಲ, ಅದಕ್ಕೆ ಕಾರಣ ಇದೆ. 1925ರ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಬೇಕೇ ಬೇಕು ಅಂದದ್ದು ಬಂಗಾಳ ಪ್ರಾಂತ, ಮದರಾಸು ನಗರ, ಮುಂಬೈ ನಗರದ ಮಟ್ಟಿಗೆ. ನಿಮ್ಮ ಬಳ್ಳಾರಿ 1953ರವರೆಗೆ ಮದರಾಸಿಗೇ ಸೇರಿದ್ದರೂ ಆ ನಗರದ ಹೊರಗಿತ್ತು. ಬಳಕೆಯೇ ಇಲ್ಲದ್ದಕ್ಕೆ ಹೆಸರು ಯಾರು ಇಡುತ್ತಾರೆ? ಲ್ಯಾಟಿನ್ನಿನ ‘ಪ್ರೊಬಾರೆ’ಗೆ ಸಾಬೀತು ಮಾಡು ಅಂತಲೇ ಅರ್ಥ. ‘ಉಯಿಲು ಸಾಬೀತು ಪತ್ರ’ ಅನ್ನಿ, ಅಮ್ಮನಿಗೆ ತಿಳಿಯುತ್ತದೆ.

ಪಿತ್ರಾರ್ಜಿತ ತಪ್ಪು, ಅಮ್ಮ ಹೇಳಿದ್ದೇ ಸರಿ. ಬ್ರಿಟನ್ನಿನ ತೆರಿಗೆಗೆ ಪಿತ್ರಾರ್ಜಿತ, ಸ್ವಯಾರ್ಜಿತ ಅನ್ನುವ ಭೇದ ಇಲ್ಲ. ಸತ್ತವರು ಬಿಟ್ಟುಹೋದ ಒಟ್ಟು ಆಸ್ತಿಯನ್ನು ನೋಡುತ್ತಾರೆ. 3,25,000 ಪೌಂಡ್‌ವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಸಾಮಾನ್ಯವಾಗಿ ಶೇ. 40. ‘ವಾರಸು ತೆರಿಗೆ’ ಸಾಕು. ನಮ್ಮಲ್ಲೂ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಅಂತ ಇತ್ತು, ಈಗಿಲ್ಲ. ಇದನ್ನೂ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಇಲ್ಲಿಯೂ ಕಟ್ಟಬೇಕೇನೋ ಅಂತ ಹೆದರಿಯಾರು.

ಕೊಪ್ಪಳದಿಂದ:

ವಾರಸು ಅರಬ್ಬಿ, ಸಾಬೀತೂ ಅರಬ್ಬಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಹೀಗೇ ಹೋದರೆ ನಮ್ಮ ಮಕ್ಕಳಿಗೆ ಕನ್ನಡದ ಬೇರಿನಿಂದ ಪದ ಕಟ್ಟುವುದೇ ಮರೆತುಹೋಗುತ್ತದೆ. ನನ್ನ ಸಂಕಟ ಅದು.

ರಾಯಚೂರಿನಿಂದ:

ಆ ತಾಯಿ ಹಾಕಬೇಕಾದ ‘ಸಹಿ’ಯೂ ಅರಬ್ಬಿಯೇ ಸರ್. ಅದನ್ನೂ ಬಿಡಿಸುತ್ತೀರಾ? ಪದ ಕಟ್ಟಿ, ಬೇಡ ಅನ್ನಲ್ಲ. ಗುರುವಾರದ ಕಾಗದದ ಮೇಲೆ ಬೇಡ.

ಬಳ್ಳಾರಿಯಿಂದ:

ಇಬ್ಬರಿಗೂ ಧನ್ಯವಾದ. ರಾತ್ರಿ ಅಮ್ಮನಿಗೆ ಎರಡನ್ನೂ ಓದಿದೆ. ಕನ್ನಡಕ ಏರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಕೇಳಿಸಿಕೊಂಡರು. ‘ಒರೆಯೋಲೆ’ ಅಂದಾಗ “ಯಾವ ಓಲೆ, ಕಿವಿದಾ?” ಅಂದರು. ‘ಸಾಬೀತು ಪತ್ರ’ ಅಂದ ಕೂಡಲೇ “ಹಂಗಾದ್ರೆ ತೆರಿಗೆ ಮೊದಲಾ, ಸಾಬೀತು ಮೊದಲಾ?” ಅಂತ ಕೇಳಿದರು. ನಾಲ್ಕನೇ ಪುಟದಲ್ಲಿ ಇದ್ದದ್ದೇ ಅದು. ತೆರಿಗೆಯ ಲೆಕ್ಕ ಒಪ್ಪಿಸಿ, ಆಗಲೇ ಕಟ್ಟಬೇಕಾದದ್ದನ್ನು ಕಟ್ಟಿದ ಮೇಲೆಯೇ ಅಲ್ಲಿ ಪ್ರೊಬೇಟ್ ಸಿಗುವುದು. ತೀರಿಕೊಂಡ ತಿಂಗಳು ಮುಗಿದು ಆರು ತಿಂಗಳೊಳಗೆ ತೆರಿಗೆ ಕಟ್ಟಬೇಕು.

‘ಉಯಿಲು ಸಾಬೀತು ಪತ್ರ’, ‘ವಾರಸು ತೆರಿಗೆ’ ಎರಡನ್ನೂ ಹಾಕಿದ್ದೇನೆ. ಎಕ್ಸಿಕ್ಯೂಟರ್‌ಗೆ ಸದ್ಯಕ್ಕೆ ‘ಉಯಿಲು ನಡೆಸುವವರು’ ಅಂತ ಬರೆದಿದ್ದೇನೆ. ಇನ್ನೂ ಒಳ್ಳೆಯ ಪದ ಇದ್ದರೆ ಬುಧವಾರ ಸಂಜೆಯೊಳಗೆ ತಿಳಿಸಿ.