ನೆಲ ಬಿಡುವ ಹೊತ್ತಿನಲ್ಲಿ ಫ್ಲೈಟ್ ಡೈರೆಕ್ಟರ್ ತೋರಿಸುವ ಕೋನವನ್ನು ಎಷ್ಟು ನಂಬಬೇಕು?

ಪ್ರಸನ್ನ, ಡೊಂಬಿವಲಿ:
ಮುಂಬೈಯ 27ನೇ ರನ್‌ವೇಯಿಂದ ಕಡಲಿನತ್ತ ಏರುವ ವಿಮಾನಗಳ ಕಾಕ್‌ಪಿಟ್ ವೀಡಿಯೊಗಳಲ್ಲಿ, ಮೂತಿಯನ್ನು ಎಷ್ಟು ಎತ್ತಬೇಕೆಂದು, ಪೈಲಟ್‌ಗೆ ಪರದೆಯ ಮೇಲೆ ದಾರಿ ತೋರುವ ಸಾಧನವಾದ ಫ್ಲೈಟ್ ಡೈರೆಕ್ಟರ್‌ನ ಅಡ್ಡಪಟ್ಟಿ ತೋರಿಸುತ್ತಿರುತ್ತದೆ. ತೂಕ, ಉಷ್ಣಾಂಶ, ರನ್‌ವೇ ಉದ್ದ ಎಲ್ಲವನ್ನೂ ಲೆಕ್ಕ ಹಾಕಿಯೇ ಕಂಪ್ಯೂಟರ್ ಆ ಕೋನವನ್ನು ಕೊಡುತ್ತದೆ ಎಂದಾದರೆ, ಮೂತಿ ಎತ್ತುವ ಮೊದಲ ಕ್ಷಣದಿಂದಲೇ ಅದನ್ನು ಹಿಂಬಾಲಿಸುವುದು ಮನುಷ್ಯನ ಅಂದಾಜಿಗಿಂತ ಸುರಕ್ಷಿತವೆಂಬುದು ನನ್ನ ವಾದ. ತರಬೇತಿಯಲ್ಲಿ ಇದಕ್ಕೆ ಒಪ್ಪುವುದಿಲ್ಲವೇಕೆ?

ಸುಮಿತ್ರಾ, ಕಲೀನಾ (ಸಿಮ್ಯುಲೇಟರ್ ತರಬೇತುದಾರೆ):
ಪ್ರಸನ್ನ ಅವರೇ, ನೀವು ಹೇಳಿದ ಲೆಕ್ಕ ನಡೆಯುವುದು ನಿಜ, ಆದರೆ ಅದು ವಿಮಾನ ಹೊರಡುವ ಮೊದಲೇ ಮುಗಿದಿರುತ್ತದೆ. ತೂಕ, ಉಷ್ಣಾಂಶ, ರನ್‌ವೇ, ಫ್ಲ್ಯಾಪ್ ಇವುಗಳಿಂದ ವಿ1 (ಟೇಕಾಫನ್ನು ಕೈಬಿಡಲು ನಿರ್ಧರಿಸಬಹುದಾದ ಕೊನೆಯ ವೇಗ), ವಿಆರ್ (ಮೂತಿ ಎತ್ತಲು ಆರಂಭಿಸುವ ವೇಗ), ವಿ2 ಎಂಬ ಮೂರು ವೇಗಗಳು ಹೊರಬರುತ್ತವೆ. ಏರುವಾಗ ಫ್ಲೈಟ್ ಡೈರೆಕ್ಟರ್ ಮುಖ್ಯವಾಗಿ ಆಧರಿಸುವುದು ವಿ2 ಒಂದನ್ನು. ಒಂದು ಎಂಜಿನ್ ನಿಂತರೂ ರನ್‌ವೇಯಿಂದ 35 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ತಲುಪಿರಬೇಕಾದ ವೇಗ ಅದು. ಚಕ್ರಗಳನ್ನು ಒಳಗೆಳೆದ ಮೇಲೆ ಎರಡು ಎಂಜಿನ್‌ನ ವಿಮಾನ ಆ ವೇಗದಲ್ಲಿ ಕನಿಷ್ಠ ಶೇ. 2.4ರ ಏರನ್ನು ಸಾಧಿಸಲೇಬೇಕು.

ಎಂಜಿನ್‌ನ ಬಲವನ್ನು ಟೇಕಾಫ್‌ಗೆ ನಿಗದಿಪಡಿಸಿಟ್ಟ ಮೇಲೆ ವೇಗವನ್ನು ಹಿಡಿತದಲ್ಲಿಡಲು ಉಳಿಯುವ ಸಾಧನ ಮೂತಿಯ ಕೋನ ಮಾತ್ರ. ಬೋರ್ ಘಾಟಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಟ್ಟ ಲಾರಿಯ ವೇಗವನ್ನು ರಸ್ತೆಯ ಏರು ನಿರ್ಧರಿಸುತ್ತದೆ. ವಿಮಾನಕ್ಕಾದರೋ ಆ ಏರನ್ನೇ ಆರಿಸಿಕೊಳ್ಳುವ ಅವಕಾಶವಿದೆ. ಏರ್‌ಬಸ್ ಎ320ರಲ್ಲಿ ಎಸ್‌ಆರ್‌ಎಸ್ ಎಂಬ ವ್ಯವಸ್ಥೆ ಎರಡೂ ಎಂಜಿನ್ ನಡೆಯುತ್ತಿರುವಾಗ ವಿ2ಕ್ಕಿಂತ 10 ನಾಟ್ ಹೆಚ್ಚಿನ ವೇಗವನ್ನು ಗುರಿಯಾಗಿಡುತ್ತದೆ, ಬೋಯಿಂಗ್ 737 ಆದರೆ 20 ನಾಟ್ ಹೆಚ್ಚಿನದನ್ನು. ವೇಗ ಗುರಿಗಿಂತ ಹೆಚ್ಚಾದರೆ ಪಟ್ಟಿ ಮೇಲೇರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹಗುರ ವಿಮಾನದಲ್ಲಿ ಕೋನ ದೊಡ್ಡದಾಗುವುದು ಹೀಗೆಯೇ ಹೊರತು ತೂಕವನ್ನು ಅಳೆದು ಅಲ್ಲ. ಎ320ರಲ್ಲಿ ಅದಕ್ಕೂ 18 ಡಿಗ್ರಿಯ ಮಿತಿಯಿದೆ. ಗಾಳಿಯ ಹಠಾತ್ ಪಲ್ಲಟ ಎದುರಾದರೆ ಮಾತ್ರ ಅದು 22.5ರವರೆಗೆ ಸಡಿಲವಾಗುತ್ತದೆ.

ವಿಶ್ವನಾಥ ಶೆಟ್ಟಿ, ವಾಸ್ಕೊ (ನಿವೃತ್ತ ನಿರ್ವಹಣಾ ಎಂಜಿನಿಯರ್):
ಮೇಡಂ ಹೇಳಿದ್ದು ಗಾಳಿಯಲ್ಲಿರುವಾಗಿನ ಮಾತು. ನೆಲದ ಮೇಲೆ 737ರ ಪಟ್ಟಿ ಏನು ಮಾಡುತ್ತದೆಂದು ಪ್ರಸನ್ನರು ನೋಡಬೇಕು. ಟೇಕಾಫ್ ಗುಂಡಿ ಒತ್ತಿದಾಗ ಅದು 10 ಡಿಗ್ರಿ ಕೆಳಗೆ ತೋರಿಸುತ್ತದೆ; ವೇಗ 60 ನಾಟ್ ಆದಾಗ ನೇರವಾಗಿ 15 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಇಂಧನ ತುಂಬಿ ತುಳುಕುತ್ತಿರಲಿ, ಅರ್ಧ ಖಾಲಿ ಇರಲಿ, ಅದೇ 15. ಆ ಅಂಕಿ ಮೊದಲೇ ನಿಗದಿಯಾದದ್ದು. 737-800ರ ಚಕ್ರಗಳು ನೆಲದಲ್ಲಿರುವಾಗ ಸುಮಾರು 11 ಡಿಗ್ರಿಗೆ ಬಾಲ ರನ್‌ವೇಗೆ ತಾಗುತ್ತದೆ. ಪಟ್ಟಿಯನ್ನು ಬೆನ್ನಟ್ಟಿ ಒಮ್ಮೆಲೇ 15ಕ್ಕೆ ಎಳೆದರೆ ಹಿಂಭಾಗದ ಲೋಹದ ಕವಚಕ್ಕೆ ಏನಾಗುತ್ತದೆಂಬುದನ್ನು ನಾನು ಹ್ಯಾಂಗರಿನಲ್ಲಿ ಕಂಡಿದ್ದೇನೆ, ಅದು ಸಣ್ಣ ದುರಸ್ತಿಯಲ್ಲ.

ಪ್ರಸನ್ನ:
ಶೆಟ್ಟರೇ, ಹಾಗಿದ್ದರೆ ನಿಧಾನವಾಗಿ ಎತ್ತುವುದೇ ಕ್ಷೇಮವಲ್ಲವೇ?

ಸುಮಿತ್ರಾ:
ಅಲ್ಲ, ಮತ್ತು ಈ ತಪ್ಪು ತಿಳಿವಳಿಕೆಯನ್ನು ನಾನು ಹೆಚ್ಚು ಅಪಾಯಕಾರಿಯೆಂದು ಭಾವಿಸುತ್ತೇನೆ. ಬೋಯಿಂಗ್‌ನಲ್ಲಿ ಸೆಕೆಂಡಿಗೆ 2ರಿಂದ 2.5 ಡಿಗ್ರಿ, ಎ320ರಲ್ಲಿ ಸುಮಾರು 3 ಡಿಗ್ರಿಯಂತೆ ಮೂತಿ ಏಳುತ್ತದೆಂದು ಇಟ್ಟುಕೊಂಡೇ ರನ್‌ವೇ ಉದ್ದದ ಲೆಕ್ಕ ಮಾಡಿರುತ್ತಾರೆ. ಅದಕ್ಕಿಂತ ನಿಧಾನಿಸಿದ ಪ್ರತಿ ಸೆಕೆಂಡಿಗೂ ವಿಮಾನ 70 ಮೀಟರಿಗಿಂತ ಹೆಚ್ಚು ರನ್‌ವೇಯನ್ನು ನುಂಗುತ್ತದೆ. ಸರಿಯಾದ ದರದಲ್ಲಿ ಎತ್ತಿದರೆ 8 ಅಥವಾ 9 ಡಿಗ್ರಿಯ ಹೊತ್ತಿಗೆ ಚಕ್ರಗಳು ತಾವಾಗಿ ನೆಲ ಬಿಟ್ಟಿರುತ್ತವೆ, ಕೋನ 15ರ ಸಮೀಪಕ್ಕೆ ಬಂದಾಗ ಬಾಲ ಆಗಲೇ ಮೇಲಿರುತ್ತದೆ. ಪಟ್ಟಿಯನ್ನು ಹಿಂಬಾಲಿಸುವ ಕೆಲಸ ಶುರುವಾಗುವುದು ಅಲ್ಲಿಂದ.

ಅನುರಾಧಾ, ಪುಣೆ:
ಲೋಹಗಾಂವ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳು ಗಾಳಿಯನ್ನು ಈ ವ್ಯವಸ್ಥೆಗೆ ಪ್ರತ್ಯೇಕವಾಗಿ ತಿಳಿಸಬೇಕೇ?

ಸುಮಿತ್ರಾ:
ಬೇಕಿಲ್ಲ ಅನುರಾಧಾ ಅವರೇ. ವೇಗ ತಿಳಿಯಲು ವಿಮಾನದ ಹೊರಗಿಟ್ಟ ಪಿಟೋ ನಳಿಕೆ ಅಳೆಯುವುದು ಗಾಳಿಯ ಒತ್ತಡವನ್ನಾದ್ದರಿಂದ ರೆಕ್ಕೆ ಅನುಭವಿಸುವುದೂ ಪರದೆ ತೋರಿಸುವುದೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ಎಂಜಿನ್‌ನ ಬಲ ತಗ್ಗಿರುವುದರಿಂದ ಅದೇ ವೇಗವನ್ನು ಕಾಯಲು ಪಟ್ಟಿ ತುಸು ಕೆಳಗೆ ನಿಲ್ಲುತ್ತದೆ, ಅಷ್ಟೇ.

ಪ್ರಸನ್ನ:
ಆದರೂ ಮೂತಿ ಎತ್ತುವ ಆ ಕೆಲವು ಸೆಕೆಂಡುಗಳಿಗೆ ಯಂತ್ರದ ನೆರವು ಇರಬೇಕೆಂಬ ನನ್ನ ಅಭಿಪ್ರಾಯವನ್ನು ಬಿಡಲಾರೆ.

ವಿಶ್ವನಾಥ ಶೆಟ್ಟಿ:
ಆ ಅಭಿಪ್ರಾಯಕ್ಕೆ ನನ್ನ ವಿರೋಧವಿಲ್ಲ. ಉದ್ದ ಒಡಲಿನ 777-300ಇಆರ್‌ನಲ್ಲಿ ಬಾಲ ನೆಲಕ್ಕೆ ತೀರ ಸಮೀಪಿಸಿದರೆ ಹಾರಾಟ ನಿಯಂತ್ರಣ ಕಂಪ್ಯೂಟರೇ ಎಲಿವೇಟರಿನ (ಮೂತಿಯನ್ನು ಏರಿಳಿಸುವ, ಬಾಲದಲ್ಲಿರುವ ಫಲಕ) ಎತ್ತುವಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ. ಅದು ಫ್ಲೈಟ್ ಡೈರೆಕ್ಟರ್‌ನಿಂದ ಬೇರೆಯಾದ ವ್ಯವಸ್ಥೆ. ಆದರೆ ವಿ2ವನ್ನೇ ತಪ್ಪಾಗಿ ನಮೂದಿಸಿದರೆ ಫ್ಲೈಟ್ ಡೈರೆಕ್ಟರ್ ಅದೇ ತಪ್ಪು ವೇಗದತ್ತ ವಿಧೇಯವಾಗಿ ನಡೆಸುತ್ತದೆ. ಎ320ರಲ್ಲಿ ವಿ2ವನ್ನು ನಮೂದಿಸದಿದ್ದರೆ ಎಸ್‌ಆರ್‌ಎಸ್ ಚಾಲೂ ಆಗುವುದೇ ಇಲ್ಲ. ನಮೂದಿಸಿದ ಅಂಕಿ ಸರಿಯಿದೆಯೇ ಎಂದು ಟೇಕಾಫ್ ಲೆಕ್ಕದ ಹಾಳೆಯೊಡನೆ ತಾಳೆ ನೋಡುವುದು ಇಬ್ಬರು ಪೈಲಟ್‌ಗಳ ಕೆಲಸ.