ಸಹಾಯ ಬೇಕು: ಪ್ರಾರ್ಥನೆಗೆ ಕೂತರೆ ಮಧ್ಯೆ ಗೋಡೆ ಇದ್ದಂತೆ

ಎಲ್ಲರಿಗೂ ವಂದನೆಗಳು. ಎರಡು ತಿಂಗಳಿಂದ ನನಗೆ ಸರಿಯಾಗಿ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಮಂಡಿಯೂರಿ ಕಣ್ಣು ಮುಚ್ಚಿದರೆ ಸಾಕು, ಅಣ್ಣನಿಗೆ ನಾನು ಬೈದ ಮಾತೇ ಕಿವಿಯಲ್ಲಿ ಕೇಳಿಸುತ್ತದೆ. "ತಂದೆಯೇ" ಅನ್ನುತ್ತೇನೆ, ಮುಂದಿನ ಮಾತು ಬರಲ್ಲ.

ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟಾಗ ದೇವಾಲಯದ ತೆರೆ (ಜನರಿಗೂ ದೇವರ ಸನ್ನಿಧಿಗೂ ಮಧ್ಯೆ ಅಡ್ಡವಾಗಿದ್ದ ಪರದೆ) ಮೇಲಿನಿಂದ ಕೆಳಗಿನವರೆಗೂ ಹರಿದುಹೋಯಿತು ಅಂತ ಬೈಬಲ್‌ನ ಮತ್ತಾಯ 27:51ರಲ್ಲಿದೆ. ಮೇಲಿನಿಂದ, ಅಂದರೆ ಹರಿದದ್ದು ದೇವರೇ ಅಲ್ವಾ? ಹಾಗಿದ್ದ ಮೇಲೆ ಅಡ್ಡಿ ಹೋಯಿತು ಅಂತ ನಂಬಿ ಸುಮ್ನೆ ಹತ್ತಿರ ಹೋಗಬಹುದು. ಆದರೆ ಅದೇ ಮತ್ತಾಯ 5:23-24ರಲ್ಲಿ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಅಂತಿದೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಅಣ್ಣ ಫೋನ್ ಎತ್ತುವುದಿಲ್ಲ. ಮೂರು ಮೆಸೇಜ್ ಕಳಿಸಿದೆ, ಓದಿದ್ದಾನೆ, ಉತ್ತರವಿಲ್ಲ. (ತಪ್ಪು ಜಾಸ್ತಿ ನನ್ನದೇ, ಒಪ್ಪುತ್ತೇನೆ.)

ಅವನು ಕ್ಷಮಿಸುವವರೆಗೂ ನಾನು ಕಾಯಬೇಕಾ? ಅಥವಾ 1 ಯೋಹಾನ 1:9ರಂತೆ ದೇವರ ಮುಂದೆ ತಪ್ಪು ಒಪ್ಪಿಕೊಂಡು, ಅಣ್ಣನ ಬಾಗಿಲನ್ನೂ ತಟ್ಟುತ್ತಾ ಇರಬೇಕಾ? ಇಂಥದ್ದನ್ನು ದಾಟಿ ಬಂದವರು ನಿಮಗೆ ಏನಾಯಿತು ಅಂತ ಬರೆಯಿರಿ. "ವಿಶ್ವಾಸ ಇಡಿ" ಅಂತಷ್ಟೇ ಹೇಳಬೇಡಿ, ಪ್ಲೀಸ್. ಮೊದಲು ಏನು ಮಾಡಿದಿರಿ, ಅದನ್ನು ಹೇಳಿ.