ಪುಣೆಯ ಬ್ರೂವರಿಯಲ್ಲಿ ಹೊಟ್ಟೆ ತುಂಬ ಊಟ: ಹೋಗಿ ಬಂದವರು ಹೇಳಿ

ವಾಕಡ್‌ನಿಂದ: ಹುಬ್ಬಳ್ಳಿಯಿಂದ ಅಣ್ಣ, ಅತ್ತಿಗೆ, ಅವರ ಮಗ ಬರುತ್ತಿದ್ದಾರೆ. ಶನಿವಾರ ರಾತ್ರಿ, ಬೀರನ್ನ ಅಲ್ಲೇ ತಯಾರಿಸಿ ಊಟದ ಜೊತೆ ಕೊಡುವ ಬ್ರೂವರಿಗೆ ಹೋಗೋಣ ಅಂತ. ಅತ್ತಿಗೆ ಶಾಕಾಹಾರಿ. ಊಟ ಗಟ್ಟಿಯಾಗಿರಬೇಕು. ಖರ್ಚು ಎಷ್ಟಾಗಬಹುದು?

ಬಾಣೇರ್ ಬೆಳಗಾವಿಯವ: ಖರ್ಚು ನನ್ನನ್ನ ಕೇಳಿ. ಆರು ಜನ ಹೋಗಿದ್ದೆವು. ಊಟ 6,350, ಬೀರು 5,280. ಬೀರಿನ ಮೇಲೆ ವ್ಯಾಟ್ 528. ಮಹಾರಾಷ್ಟ್ರದಲ್ಲಿ 2023ರ ನವೆಂಬರ್‌ನಲ್ಲಿ 5% ಇದ್ದದ್ದನ್ನ 10% ಮಾಡಿದರಲ್ಲ, ಅದು. ಊಟಕ್ಕೆ ಜಿಎಸ್‌ಟಿ 318. ಮುಗೀತಾ? ಇಲ್ಲ. ಸರ್ವಿಸ್ ಚಾರ್ಜ್ 1,163! ಒಟ್ಟು 13,639. ಇಷ್ಟಕ್ಕೆ ಬಂದ ಮ್ಯಾಶ್ಡ್ ಪೊಟ್ಯಾಟೊ ಒಂದು ಸೌಟು, ಅದೂ ತಣ್ಣಗೆ.

ಮುಂಢ್ವಾ ಮಂಗಳೂರಿಗ: ಬ್ರೂವರಿಗೆ ಹೋಗಿ ಆಲೂಗಡ್ಡೆ ತಿನ್ನುವುದಾ ಮಾರಾಯ್ರೆ? ನಾನು ಪೋರ್ಕ್ ರಿಬ್ಸ್ ತಗೊಂಡೆ. ಅಂಚು ಸೀದು ಕಪ್ಪಗೆ, ಎಲುಬು ಎಳೆದರೆ ಮಾಂಸ ತಟ್ಟೆಯಲ್ಲೇ ಉಳಿಯುತ್ತಿತ್ತು. ಜೊತೆಗೆ ಹೆಫೆವೈಜನ್, ಜರ್ಮನ್ ಶೈಲಿಯ ಗೋಧಿ ಬೀರು. ಅದರ ಬಾಳೆಹಣ್ಣು, ಲವಂಗದ ಪರಿಮಳ ಯೀಸ್ಟಿನದೇ, ಯಾರೂ ಹಾಕಿದ್ದಲ್ಲ. ದುಡ್ಡು ಹೋಯಿತು, ಬೇಜಾರಿಲ್ಲ.

ಧಾರವಾಡದಕ್ಕ: ನಿಮಗೇನು ಬಿಡಿ. ನಮಗೆ ಪನೀರ್ ಟಿಕ್ಕಾ, ಪಿಜ್ಜಾ, ಮತ್ತೆ ಪನೀರ್. ಬಿಲ್ ಮಾತ್ರ ಸಮಪಾಲು! ಮನೆಗೆ ಬಂದು ಮೊಸರನ್ನ ಕಲಸಿಕೊಂಡೆ. ಮಗನಿಗೆ 20. ಇಲ್ಲಿ ಬೀರಿಗೆ 21 ಆಗಿರಬೇಕು. ಆಧಾರ್ ನೋಡಿ ಕೊಡಲ್ಲ ಅಂದರು. ಅವನು ಊಟ ಮುಗಿಯೋವರೆಗೂ ಮುಖ ಊದಿಸಿಕೊಂಡೇ ಕೂತಿದ್ದ.

ಮುಂಢ್ವಾ ಮಂಗಳೂರಿಗ: ಮೊಸರನ್ನ ಬೇಕಿದ್ದರೆ ಅಲ್ಲಿಗ್ಯಾಕೆ ಹೋಗಬೇಕಿತ್ತು?

ಧಾರವಾಡದಕ್ಕ: ಗಂಡನ ಆಫೀಸಿನವರು ಕರೆದರು, ಹೋದೆ. ನಿಮ್ಮನ್ನ ಕೇಳಿ ಹೋಗಬೇಕಿತ್ತೇನ್ರೀ?

ಹಡಪ್ಸರ್ ಹಾಸನದವ: ಬೆಳಗಾವಿ ಸರ್, ಸರ್ವಿಸ್ ಚಾರ್ಜ್ ಯಾಕೆ ಕೊಟ್ಟಿರಿ? ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಅಂತ 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟೂ ಎತ್ತಿ ಹಿಡಿದಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋದು ತಾನೇ?

ಬಾಣೇರ್ ಬೆಳಗಾವಿಯವ: ಬೀಗರ ಎದುರು ಮ್ಯಾನೇಜರ್ ಜೊತೆ ಜಗಳ ಮಾಡಲಾ? ನೀವು ಮಾಡಿ ತೋರಿಸಿ.

ಹಡಪ್ಸರ್ ಹಾಸನದವ: ಮಾಡಿದೀನಿ, ತೆಗೆಸಿದೀನಿ. ಬೀಗರೂ ಪಕ್ಕದಲ್ಲೇ ಇದ್ದರು.

ಇಂದಿರಾನಗರದ ಹಳೇ ಗಿರಾಕಿ: ಸುಮ್ನೆ ಬೆಂಗಳೂರಿಗೆ ಬನ್ನಿ. ಪುಣೆಯವರಿಗೆ ಬೀರಿನ ಗಂಧಗಾಳಿ ಎಲ್ಲಿದೆ?

ಮುಂಢ್ವಾ ಮಂಗಳೂರಿಗ: ಡೂಲಾಲಿ ಬ್ರೂವರಿ ಪುಣೆಯಲ್ಲಿ 2009ರಲ್ಲೇ ಶುರುವಾಯಿತು. ನಿಮ್ಮ ಬೆಂಗಳೂರಿನ ಟೊಯ್ಟ್ ಬ್ರೂವರಿ 2010.

ಇಂದಿರಾನಗರದ ಹಳೇ ಗಿರಾಕಿ: ಒಂದು ವರ್ಷ ಮೊದಲು ಬಂದರೆ ರುಚಿ ಜಾಸ್ತಿಯಾಗುತ್ತಾ?

ವಾಕಡ್‌ನಿಂದ: ಶನಿವಾರಕ್ಕೆ ಟೇಬಲ್ ಬುಕ್ ಮಾಡಬೇಕಾ ಅಂತ ಯಾರಾದರೂ ಹೇಳ್ತೀರಾ?

ಧಾರವಾಡದಕ್ಕ: ಮೊದಲು ಆ ಮಂಗಳೂರಿನವರು ನನಗೆ ಉತ್ತರ ಕೊಡಲಿ.